ಗೆರೆಕಲ್ಲಿನ ಕೆಳಗಿನ ಹೂಳು

ನಮ್ಮೂರಿನ ಹೊಳೆ ಚರಂಡಿ ಎಂದು ಸಾರುವ ಬೋರ್ಡನ್ನು ಮಂಗಳವಾರ ಬೆಳಿಗ್ಗೆ ತಂದು ನೆಟ್ಟರು. ಚರಂಡಿ ಎಂಬ ಮಾತನ್ನು ಅವರು ಬರೆದಿರಲಿಲ್ಲ. ಬರೆಯುವವರು ಓದಿದವರು. 'ಬೆಣಚಿ ಹೊಳೆ, ಕರೇಬೆಣಚಿ ಭಾಗ. ದೀರ್ಘಕಾಲದ ಬಳಕೆ: ತ್ಯಾಜ್ಯ ವಾಹಿನಿ. ಅವಧಿ: 212 ವರ್ಷ' ಎಂದಿತ್ತು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ತ್ಯಾಜ್ಯ ಎಂದರೆ ಹೊಲಸು, ವಾಹಿನಿ ಎಂದರೆ ಹರಿಯುವಂಥದ್ದು ಎಂದು ನನಗೆ ಗೊತ್ತು. ಬೋರ್ಡು ನೆಡುತ್ತಿದ್ದವನಿಗೆ ಮಾತ್ರ ಗೊತ್ತಿರಲಿಲ್ಲ. "ಏನ್ ಬರದೈತಿ ಅಕ್ಕಾ?" ಎಂದು ನನ್ನನ್ನೇ ಕೇಳಿದ.

"ನಿಮ್ಮ ಸಾಹೇಬರ ತಲಿ ಬರದೈತಿ," ಎಂದೆ.

ಸಿಟ್ಟು ಅವನ ಮೇಲಲ್ಲ. ಆ ಬೋರ್ಡಿಗೆ ಬೇಕಾದ ಹೂಳನ್ನು ಹೊಳೆಯಿಂದ ಎತ್ತಿಕೊಟ್ಟವಳು ನಾನೇ.

ಹೊಳೆ ಓದು ಕಾಯ್ದೆ ಬಂದು ಆರು ವರ್ಷವಾಗಿತ್ತು. ಅದಕ್ಕೆ ಮೊದಲು ಯಾವ ನೀರು ಯಾರಿಗೆ ಎಂಬ ಜಗಳ ಎಲ್ಲ ಕೋರ್ಟುಗಳಲ್ಲೂ ಇತ್ತು. ಕುಡಿಯುವವರು, ಕಬ್ಬಿನವರು, ಕಾರ್ಖಾನೆಯವರು ಎಲ್ಲರೂ ಅಜ್ಜನ ಕಾಲದಿಂದ ಹೊಳೆ ನಮ್ಮದೆಂದು ಎದೆ ಬಡಿದುಕೊಳ್ಳುತ್ತಿದ್ದರು. ಆಗ ಹೂಳು ಓದುವ ಯಂತ್ರ ಬಂತು. ಹೊಳೆಯ ತಳಕ್ಕೆ ಹನ್ನೆರಡು ಅಡಿಯ ಕೊಳವೆ ಇಳಿಸಿ, ಒಳಗೆ ತುಂಬಿದ ಕೆಸರನ್ನು ಒಡೆಯದಂತೆ ಮೇಲೆತ್ತಬೇಕು. ಯಂತ್ರ ಅದನ್ನು ಅಕ್ಕಿಯ ದಪ್ಪದ ಪದರಗಳಾಗಿ ಕೊಯ್ಯುತ್ತದೆ. ಒಂದೊಂದು ಮರಳಿನ ಕಣವೂ ತಾನು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದಂತೆ. ಅದರಿಂದ ವರ್ಷ ತಿಳಿಯುತ್ತದೆ. ಕೆಸರಿನಲ್ಲಿ ಸೇರಿದ ಉಪ್ಪು, ಬೂದಿ, ಬಣ್ಣ, ಗೊಬ್ಬರದಿಂದ ಆ ವರ್ಷ ಜನ ಹೊಳೆಯನ್ನು ಯಾವುದಕ್ಕೆ ಬಳಸಿದರೆಂದು ತಿಳಿಯುತ್ತದೆ. ಹೆಚ್ಚು ಕಾಲ ಏನಾಗಿತ್ತೋ ಮುಂದೆಯೂ ಹೊಳೆ ಅದೇ ಆಗಬೇಕು. ಒಂದೇ ವಿನಾಯಿತಿ: ನೂರು ವರ್ಷ ಕುಡಿದದ್ದು ಸಿಕ್ಕರೆ ಉಳಿದ ಯಾವ ಬಳಕೆಯೂ ಅದರ ಮುಂದೆ ನಿಲ್ಲುವುದಿಲ್ಲ.

ಕೊಳವೆ ಇಳಿಸಲು ಊರಿನವರೇ ಇಬ್ಬರು ಬೇಕು. ಒಬ್ಬರು ಜಾಗ ತೋರಿಸಿ ಕೊಳವೆ ಹಿಡಿಯಬೇಕು, ಇನ್ನೊಬ್ಬರು ಮೇಲಿನಿಂದ ಬಡಿಯಬೇಕು. ಹೊಳೆ ಓದು ಕೇಂದ್ರದವರು ಮುಟ್ಟುವಂತಿಲ್ಲ. ಎಲ್ಲಾ ಮುಗಿಯುವವರೆಗೆ ಕ್ಯಾಮೆರಾ ಓಡುತ್ತಿರುತ್ತದೆ. ಅಲ್ಲಿ ಆಡಿದ ಮಾತೂ ದಾಖಲೆ. ಹೊಳೆಯ ತಳ ನಿನಗಿಂತ ಯಾರಿಗೆ ಗೊತ್ತು ಎಂದು ಊರವರು ನನ್ನನ್ನೂ ನನ್ನ ಗಂಡ ಮಲ್ಲೇಶಿಯನ್ನೂ ಮುಂದೆ ತಳ್ಳಿದ್ದರು. ನಾವು ಮಡಿವಾಳರು. ಐದು ಕಡೆ ಕೊಳವೆ ಇಳಿಸಿ, ಐದನ್ನೂ ಒಂದಿಷ್ಟೂ ಕದಡದೆ ಎತ್ತಿಕೊಟ್ಟೆವು. ಶಭಾಷ್ ಎಂದರು. ಆಮೇಲೆ ಈ ಬೋರ್ಡು.

ಮೂವತ್ತು ದಿನದೊಳಗೆ ತಕರಾರು ಸಾಬೀತಾಗದಿದ್ದರೆ ಊರಿನ ನೀರೆತ್ತುವ ಬಾವಿ ಮುಚ್ಚುತ್ತಾರೆ. ಮೇಲೆ ಬಂದಿರುವ ಬಣ್ಣದ ಕಾರ್ಖಾನೆಯ ಕೊಳವೆ ಹೊಳೆಗೆ ಬಾಯಿ ತೆರೆಯುತ್ತದೆ. ಆರುನೂರು ಮನೆಗೆ ವಾರಕ್ಕೆರಡು ಸಲ ಟ್ಯಾಂಕರ್.

ಅದೇ ದಿನ ಬಸ್ಸು ಹತ್ತಿ ಹೊಳೆ ಓದು ಕೇಂದ್ರಕ್ಕೆ ಹೋದೆ.

ಅಲ್ಲಿನ ವಿಜ್ಞಾನಿ ಅಂಜುಮ್ ಮುಲ್ಲಾ, ಮೂವತ್ತರ ಹೆಂಗಸು. ಕೊಳವೆ ಇಳಿಸುವಾಗ ದಂಡೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದವಳು ಅವಳೇ. ನಾನು ಬಾಗಿಲಲ್ಲೇ ಶುರು ಮಾಡಿದೆ. "ನಿಮ್ಮ ಯಂತ್ರಕ್ಕ ಕಣ್ಣು ಹೋಗ್ಯಾವೇನ್ರಿ?"

"ಕೂಡ್ರಿ ಅಕ್ಕಾ. ನೀವ ನೋಡ್ರಿ," ಎಂದು ಗೋಡೆಯ ಪರದೆ ಹಚ್ಚಿದಳು.

ಐದು ಉದ್ದ ಪಟ್ಟಿಗಳು. ಮೇಲಿನ ಗೇಣಿನಲ್ಲಿ ಪ್ಲಾಸ್ಟಿಕ್ ಎಳೆ, ಗೊಬ್ಬರದ ಉಪ್ಪು. ಅದರ ಕೆಳಗೆ ಒಂದು ಪಟ್ಟಿಯಲ್ಲಿ ಅಂಗೈಯಗಲ ಖಾಲಿ. "ಇಲ್ಲಿ ಮೂವತ್ತೆಂಟು ವರ್ಷ ಇಲ್ಲ," ಎಂದಳು. ನನಗೆ ಗೊತ್ತಿತ್ತು. ಮರಳಿನ ಲಾರಿಗಳು ಹೊಳೆಯ ಆ ವರ್ಷಗಳನ್ನು ತುಂಬಿಕೊಂಡು ಹೋದವು. ಎಲ್ಲೋ ಯಾರದೋ ಮನೆಯ ಗೋಡೆಯ ಗಿಲಾಯಿಯಾಗಿ ಕೂತಿರಬೇಕು. ಅದರ ಕೆಳಗೆ ಬಿಳಿಯ ಗೆರೆಗಳು, ಒಂದರ ಮೇಲೊಂದು, ಪುಟ ಹಾಕಿದಂತೆ, ಪಟ್ಟಿಯ ಮುಕ್ಕಾಲು ಭಾಗದವರೆಗೆ. ನಡುನಡುವೆ ನೀಲಿಯ ಛಾಯೆ, ಬೂದಿ.

"ಕ್ಷಾರ. ವರ್ಷಾ ವರ್ಷಾ ರಾಶಿಗಟ್ಟಲೆ ಕ್ಷಾರ ಬಿದ್ದೈತಿ. ಬಣ್ಣ ಬಿದ್ದೈತಿ. ಯಂತ್ರದ ಲೆಕ್ಕದಾಗ ಇದು ಕಾರ್ಖಾನಿ ಹೊಲಸು."

ನನಗೆ ನಗು ಬಂತು, ಅಳುವೂ ಬಂತು. "ಯವ್ವಾ, ಅದು ಚೌಳು. ಚೌಳು ಮಣ್ಣು. ಸಾಬೂನು ಬರೂಕಿಂತ ಮೊದಲ ನಮ್ಮ ಮಂದಿ ಕತ್ತೆ ಮ್ಯಾಲ ಹೇರಿಕೊಂಡು ಬಂದು ಅದರಾಗ ಅರಿಬಿ ಕುದಿಸಿ ಒಗೀತಿದ್ರು. ಆ ನೀಲಿ ಧೋತರಕ್ಕ ಹಾಕೋ ನೀಲಿ. ಇಡೀ ಊರಿನ ಹೊಲಸು ತೊಳದವರು ನಾವು. ನಮ್ಮನ್ನ ಹೊಲಸು ಮಾಡಿದವರು ಅಂತ ಬರದೈತಲ್ರಿ ಇದು!"

ಅಂಜುಮ್ ಪೆನ್ನು ಕಚ್ಚಿಕೊಂಡು ಪರದೆ ನೋಡಿದಳು. "ಹಂಗಾರ ಊರಿನವರು ಕುಡಿಯೂಕ ನೀರು ಎಲ್ಲಿಂದ ತರ್ತಿದ್ರು?"

"ಮ್ಯಾಲಿನ ಘಾಟಿನಿಂದ. ಗೆರಿಕಲ್ಲಿನ ಆಚೆ."

"ಐದೂ ಕೊಳವಿ ಗೆರಿಕಲ್ಲಿನ ಈಚೆನ ಇಳಿಸೀರಿ. ಒಂದಾದ್ರೂ ಆಚೆ ಇಳಿಸಬಾರದಾಗಿತ್ತಾ?"



ಗೆರೆಕಲ್ಲು ಎಂದರೆ ಹೊಳೆಯ ದಂಡೆಯಲ್ಲಿ ಮೊಳಕಾಲೆತ್ತರ ನಿಂತಿರುವ ಕರಿಯ ಕಲ್ಲು. ಮೇಲೆ ಕುಡಿಯುವ ಘಾಟು, ನಡುವೆ ದನ, ಕೆಳಗೆ ನಾವು. ಮಡಿವಾಳರು ಆ ಕಲ್ಲು ದಾಟಿ ಕಾಲಿಡುವಂತಿರಲಿಲ್ಲ. ನಾನು ಆರು ವರ್ಷದವಳಿದ್ದಾಗ ಗಾಳಿಗೆ ಹಾರಿಹೋದ ಟವೆಲ್ಲಿಗಾಗಿ ನೀರಿನಲ್ಲೇ ಮೇಲಕ್ಕೆ ಓಡಿದ್ದೆ. ಅವ್ವ ಜಡೆ ಹಿಡಿದು ಎಳೆದು, ಒದ್ದೆ ಬಟ್ಟೆಯಿಂದಲೇ ಬಾರಿಸಿದ್ದಳು. ಮೇಲೆ ನಿಂತ ಹೆಂಗಸರು ನೋಡುತ್ತಿದ್ದರು. ಅವರು ನೋಡಲಿ ಎಂದೇ ಹೊಡೆದಳು. ಆಮೇಲೆ ನಲ್ಲಿ ಬಂತು, ಯಾರೂ ಹೊಳೆಗೆ ಇಳಿಯದಾದರು. ಕಲ್ಲಿಗೆ ಪಾಚಿ ಹಿಡಿಯಿತು. ಎಲ್ಲಾ ಮುಗಿಯಿತೆಂದು ನಾನೂ ತಿಳಿದಿದ್ದೆ.

ಮುಗಿದಿರಲಿಲ್ಲ. ಸರ್ಕಾರದ ಕೊಳವೆ ಹೆಗಲ ಮೇಲೆ, ಸರ್ಕಾರದ ಕ್ಯಾಮೆರಾ ಎದುರಿಗೆ, 'ಎಲ್ಲಿ ಬೇಕಾದರೂ ಇಳಿಸಬಹುದು' ಎಂಬ ಆದೇಶ ಕೈಯಲ್ಲಿ. ಆದರೂ ಐದು ಸಲವೂ ನನ್ನ ಕಾಲು ಆ ಕಲ್ಲಿನ ಹತ್ತಿರ ಹೋಗಿ ತಾನಾಗಿಯೇ ತಿರುಗಿತು. ಇಲ್ಲೇ ಕೆಸರು ಮೆತ್ತಗಿದೆ ಎಂದು ಮಲ್ಲೇಶಿಗೆ ಹೇಳಿದ್ದೆ. ಅವನೂ ಹೌದೌದು ಎಂದಿದ್ದ. ಇಬ್ಬರಲ್ಲಿ ಒಬ್ಬರಿಗೂ ಅದು ಹೊಳೆಯಲೇ ಇಲ್ಲ. ಇದಕ್ಕಿಂತ ಕತ್ತೆಗಳು ವಾಸಿ. ಅವು ಮೇವು ಕಂಡರೆ ದಾಟುತ್ತಿದ್ದವು.

"ನಂದ ತಪ್ಪು. ಈಗ ಇಳಿಸಿಕೊಡ್ತೀನಿ ಬರ್ರಿ," ಎಂದೆ.

"ಹಂಗ ಬರೂದಿಲ್ಲಕ್ಕಾ. ಜಾಗ ತೋರಿಸಿದವರು ಕಣ್ತಪ್ಪು ಅಂದ್ರ ಯಂತ್ರ ಮತ್ತ ತಗೊಳ್ಳೂದಿಲ್ಲ. ಎಲ್ಲಾ ಊರಿನವರೂ ಹಂಗ ಅಂತಾರ. 'ಹೋಗದಂಗ ತಡದಿದ್ರು' ಅಂತ ಇದ್ರ ಮಾತ್ರ ತಗೊಳ್ತೈತಿ. ಅದನ್ನೂ ನೀವು ಹೇಳಿದ್ರ ನಡಿಯೂದಿಲ್ಲ. ತಡದ ಕಡೆಯವರು ಹೇಳಬೇಕು. ಬರದು ಸಹಿ ಹಾಕಬೇಕು, ಇಲ್ಲಾ ಖುದ್ದು ಬಂದು ಕ್ಯಾಮೆರಾ ಮುಂದ ಹೇಳಬೇಕು."

"ಕಳ್ಳ ಬಂದು ಕದ್ದೀನಿ ಅನ್ನಬೇಕು, ಅಂದ್ರ ನೀವು ಫಿರ್ಯಾದಿ ತಗೋತೀರಿ!"

"ಕಾಯ್ದೆ ನಾ ಮಾಡಿಲ್ಲಕ್ಕಾ," ಎಂದಳು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಐತಿ," ಎಂದು ಮೇಲಿನ ಊರಿನ ಪಟ್ಟಿ ತೆಗೆದಳು. ಆ ಊರವರು ತಲೆತಲಾಂತರದಿಂದ ಹೊಳೆಯ ನೀರನ್ನು ಕುಡಿದವರು, ಬೇರೆ ಏನೂ ಮಾಡಿದವರಲ್ಲ. ಪಟ್ಟಿ ಬೋಳಾಗಿತ್ತು. ಕೆಳಗೆ ಬರೆದಿತ್ತು: 'ಬಳಕೆ ಇಲ್ಲ'.

"ಬಿಂದಿಗಿ ಮುಳುಗಿಸಿ ಒಯ್ದವರು ಹೊಳಿಯಾಗ ಏನೂ ಬಿಟ್ಟು ಹೋಗೂದಿಲ್ಲ. ಕೆಸರಿನಾಗ ಏನ್ ಹುಡುಕಬೇಕು ಯಂತ್ರ? ಆ ಭಾಗ ಯಾರು ಮೊದಲು ಅರ್ಜಿ ಹಾಕ್ತಾರೋ ಅವರಿಗೆ."

ನಾನು ಎದ್ದು ಬಂದೆ. ಇನ್ನೂ ಕೂತಿದ್ದರೆ ಪರದೆಗೆ ಏನಾದರೂ ಎಸೆಯುತ್ತಿದ್ದೆ.

ಮನೆಗೆ ಬಂದರೆ ಅತ್ತೆ ಬಸಲಿಂಗವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಎಂಬತ್ತು ದಾಟಿದೆ, ನಾಲಿಗೆಗೆ ಇನ್ನೂ ಇಪ್ಪತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ನನ್ನ ಮಾವ ಚೌಳು ಹೊತ್ತು ಹೊತ್ತು ಬೆನ್ನು ಕಿತ್ತಿಸಿಕೊಂಡ," ಎಂದಳು. "ಅದನ್ನ ಹೊಲಸು ಅಂತ ಬರದ್ರಾ? ಬರದವನ ಚಡ್ಡಿ ಯಾರು ಒಗದಾರ ಕೇಳು."

"ಅದಿರ್ಲಿ ಅತ್ತಿ. ಕುಡಿದದ್ದಕ್ಕ ಗುರುತು ಇಲ್ಲಂತ. ನಿಮ್ಮ ಕಾಲದಾಗ ನಮ್ಮ ಮಂದಿ ಎಲ್ಲಿ ಕುಡೀತಿದ್ರು? ಮ್ಯಾಲಿನ ಘಾಟು ನಮಗಿರಲಿಲ್ಲಲ್ಲ?"

"ಅಲ್ಲೇ ಒಗಿಯೋ ಬಂಡಿಗಲ್ಲಿನ ಹಿಂದ, ಉಸುಕಿನಾಗ ಒರತಿ ತೋಡಿ. ತಿಳಿ ಆಗೋತನಕ ಕುಂದ್ರಬೇಕು. ಬೋಗುಣಿಲೆ ಮೊಗದು ಗಡಿಗಿ ತುಂಬಿ ಬಂಡಿಗಲ್ಲು ಹತ್ತಬೇಕು. ಚೌಳಿನ ಜಾರು! ದಿನಾ ಒಂದು ಗಡಿಗಿ ಫಳ್ ಅಂತಿತ್ತು. ನಾ ಮದಿವ್ಯಾಗಿ ಬಂದ ವರ್ಷ ಹದಿನಾಕು ಗಡಿಗಿ ಒಡದೀನಿ. ನಮ್ಮತ್ತಿ ನನಗ ಗಡಿಗಿ ಒಡಕಿ ಅಂತ ಹೆಸರಿಟ್ಟಿದ್ಲು."

ಮಲ್ಲೇಶಿ ಒಳಗಿನಿಂದ ಕೂಗಿದ. "ಕೆಂಚಿ, ಆ ಜರಡಿಯಾಗ ಬರ್ತಿದ್ದವಲ್ಲ, ಗಡಿಗಿ ಚೂರು!"

ಯಂತ್ರ ಓದುವ ಮೊದಲು ಕೊಯ್ದ ಪದರಗಳನ್ನು ಹೊಳೆಯ ದಂಡೆಯಲ್ಲೇ ಒಂದೊಂದಾಗಿ ಜರಡಿ ಹಿಡಿಯುತ್ತಾರೆ. ಎಳ್ಳುಕಾಳಿಗಿಂತ ದೊಡ್ಡದೇನಿದ್ದರೂ ಯಂತ್ರ ಓದುವುದಿಲ್ಲ, ಅದು ಕಸ. ಆ ಕಸದ ತಟ್ಟೆಯನ್ನು ಐದು ಸಲವೂ ಬರಿದು ಮಾಡಿದವಳು ನಾನು.

"ಎಲ್ಲಿ ಚೆಲ್ಲಿದಿ?" ಎಂದಳು ಅತ್ತೆ.

ಒಗೆಯುವ ಮಡುವಿನಲ್ಲಿ ಚೂರು ಎಸೆಯಬಾರದು. ಬರಿಗಾಲಲ್ಲಿ ದಿನವಿಡೀ ನೀರಿನಲ್ಲಿ ನಿಲ್ಲುವವರ ಅಂಗಾಲು ಸೀಳುತ್ತದೆ. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ, ನಡೆಯಲು ಬರುವ ಹೊತ್ತಿಗೇ ಬಂದಿರುತ್ತದೆ. ಹೊಳೆಯಲ್ಲಿ ಒಗೆಯುವುದು ಬಿಟ್ಟು ಇಪ್ಪತ್ತೈದು ವರ್ಷವಾದರೂ ನನ್ನ ಕೈ ಆ ಐದು ತಟ್ಟೆಗಳನ್ನು ನೀರಿಗೆ ಚೆಲ್ಲಿರಲಿಲ್ಲ. ಬಂಡೆಯ ಹಿಂದಿನ ಬಿರುಕಿಗೆ ಸುರಿದಿತ್ತು. ಕಾಲು ಮಾಡಿದ ಮೂರ್ಖತನವನ್ನು ಕೈ ಸ್ವಲ್ಪ ಉಳಿಸಿಕೊಂಡಿತ್ತು.

ಬಿರುಕಿನಿಂದ ಬುಟ್ಟಿ ತುಂಬ ಚೂರು ಆರಿಸಿದೆವು. ಕರಿ, ಕೆಂಪು, ಕಂಠದ ತುಂಡು, ತಳದ ತುಂಡು. ಬೆಳಿಗ್ಗೆ ಬುಟ್ಟಿ ಹೊತ್ತು ಮತ್ತೆ ಕೇಂದ್ರಕ್ಕೆ ಹೋದೆ. ಅಂಜುಮ್ ಒಂದು ಚೂರು ಹಿಡಿದು ತಿರುಗಿಸಿ ನೋಡಿದಳು.

"ಯಂತ್ರ ಇದನ್ನ ಓದೂದಿಲ್ಲಕ್ಕಾ. ದೊಡ್ಡದು."

"ಕುಟ್ಟಿ ಪುಡಿ ಮಾಡಿದ್ರ?"

ಅವಳು ನನ್ನ ಮುಖ ನೋಡಿದಳು. ಮಣ್ಣು ಬೆಂಕಿಯಲ್ಲಿ ಬೆಂದ ದಿನವನ್ನು ನೆನಪಿಡುತ್ತದೆ, ಮರಳು ಬಿಸಿಲನ್ನು ನೆನಪಿಡುವ ಹಾಗೆಯೇ. ಚೂರಿಗೆ ಅಂಟಿದ ಸುಣ್ಣದ ಪೊರೆ ಅದರಲ್ಲಿ ಎಷ್ಟು ದಿನ ನೀರು ನಿಂತಿತ್ತೆಂದು ಹೇಳುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಕಸದ ತಟ್ಟೆಯಲ್ಲಿದ್ದುದರಿಂದ ಹೊಳೆದಿರಲಿಲ್ಲ. ಓದಿದವರಿಗೂ ಒಂದೊಂದು ಗೆರೆಕಲ್ಲು ಇರುತ್ತದೆ. ಚೂರುಗಳು ಕ್ಯಾಮೆರಾದ ಎದುರು ಎತ್ತಿದ ಕೊಳವೆಗಳದ್ದೇ ಆದ್ದರಿಂದ ದಾಖಲೆಗೆ ನಡೆಯುತ್ತವೆ ಎಂದಳು. ಒರಳು ತರಿಸಿದಳು. ನಾನೇ ಕುಟ್ಟಿದೆ. ಅತ್ತೆ, ಅತ್ತೆಯ ಅತ್ತೆ, ಅವಳ ಅತ್ತೆ ಒಡೆದ ಗಡಿಗೆಗಳನ್ನು ಮತ್ತೊಮ್ಮೆ ಒಡೆದೆ. ಯಂತ್ರ ಇಪ್ಪತ್ತು ದಿನ ತೆಗೆದುಕೊಂಡಿತು.

'ಗೆರೆಕಲ್ಲಿನ ಕೆಳಭಾಗ. ಬಳಕೆ: ಕುಡಿಯುವ ನೀರು. ಅವಧಿ: 260 ವರ್ಷ.'

ಊರಿಗೆ ಊರೇ ನಮ್ಮ ಮನೆಯ ಮುಂದೆ ನೆರೆಯಿತು. ಅತ್ತೆ "ಗಡಿಗಿ ಒಡಕಿ ಊರು ಉಳಸಿದ್ಲು" ಎಂದು ಕಂಡವರಿಗೆಲ್ಲ ಹೇಳಿದಳು. ನಾನೂ ಎರಡು ದಿನ ಸಿಟ್ಟಿಲ್ಲದೆ ಇದ್ದೆ. ಮೂರನೆಯ ದಿನ ಅಂಜುಮ್ ಫೋನು ಮಾಡಿದಳು.

ಕಾರ್ಖಾನೆಯವರು ತಮ್ಮ ಅರ್ಜಿ ತಿದ್ದಿದ್ದರು. ಕೊಳವೆಯ ಬಾಯಿಯನ್ನು ಇನ್ನೂರು ಮೀಟರ್ ಮೇಲಕ್ಕೆ ಸರಿಸಿದ್ದರು, ಗೆರೆಕಲ್ಲಿನ ಆಚೆಗೆ. ಆ ಭಾಗದ ಹೂಳು ಯಾರೂ ಎತ್ತಿಲ್ಲ, ಹಾಗಾಗಿ ಕಡತದಲ್ಲಿ ಅದು 'ಬಳಕೆ ಇಲ್ಲ'. ಹೊಲಸು ಅಲ್ಲಿ ಬಿಡುತ್ತಾರೆ. ಅಲ್ಲಿಂದ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಕಾಲಮ್ಮು ಅವರ ಕಡತದಲ್ಲಿ ಇರಲಿಲ್ಲ.

"ಹೊಳಿ ಹರಿಯೂದು ನಿಮಗ್ಯಾರಿಗೂ ಗೊತ್ತಿಲ್ಲೇನ್ರಿ?" ಎಂದು ಫೋನಿನಲ್ಲಿ ಚೀರಿದೆ.

"ತಕರಾರಿಗೆ ಆರು ದಿನ ಉಳದಾವಕ್ಕಾ," ಎಂದಷ್ಟೇ ಹೇಳಿದಳು.

ನಿಂಗನಗೌಡರ ಮನೆಗೆ ಹೋದೆ. ಊರಿನ ನೀರು ಸಮಿತಿಯ ಅಧ್ಯಕ್ಷರು, ಎಪ್ಪತ್ತರ ಸಮೀಪ. ಕೆಟ್ಟವರಲ್ಲ. ನನ್ನ ಹೆರಿಗೆಯಲ್ಲಿ ತಮ್ಮ ಜೀಪು ಕೊಟ್ಟವರು. ಪಡಸಾಲೆಯಲ್ಲಿ ಕೂರಿಸಿ ಸ್ಟೀಲಿನ ಲೋಟದಲ್ಲಿ ಚಹಾ ಕೊಡಿಸಿದರು. ಎಲ್ಲಾ ಕೇಳಿ, "ಅದಕ್ಕೇನ, ಈಗ ಬರದು ಕೊಡ್ತೀನಿ," ಎಂದು ಕನ್ನಡಕ ಏರಿಸಿ ಬರೆದರು. ನಾನು ಓದಿದೆ. 'ಹಿಂದೆ ಹೂಳು ಎತ್ತುವಾಗ ಮೇಲಿನ ಘಾಟು ಕಣ್ತಪ್ಪಿನಿಂದ ಬಿಟ್ಟುಹೋಗಿರುತ್ತದೆ.'

"ಕಣ್ತಪ್ಪು ನಡಿಯೂದಿಲ್ರಿ ಗೌಡ್ರ. ತಡದಿದ್ವಿ ಅಂತ ಬರೀಬೇಕು."

"ಯಾರು ತಡದ್ರು? ನಾ ತಡದೇನೇನು? ನೀ ಈಗ ನನ್ನ ಪಡಸಾಲಿಯಾಗ ಕುಂತೀಯಿಲ್ಲೊ?"

"ನೀವಲ್ರಿ. ನಿಮ್ಮ ಅಪ್ಪ. ಅವರ ಅಪ್ಪ. ನೀವು ಸಣ್ಣವರಿದ್ದಾಗ ಮ್ಯಾಲ ನಿಂತು ನೋಡಿದ್ರಿ."

"ಕೆಂಚವ್ವ, ಅವೆಲ್ಲ ಆಗಿನ ಕಾಲದ ಮಾತು. ಈಗ ಅದನ್ನ ಸರ್ಕಾರದ ಕಡತದಾಗ ಬರದು ಇಟ್ರ ನಾಳೆ ನಮ್ಮ ಮೊಮ್ಮಕ್ಕಳು ಓದ್ತಾರ. ಊರಿನ ಹೆಸರಿಗೆ ಮಸಿ. ನೀನ ಕಣ್ತಪ್ಪಿ ಹೋತು ಅಂದುಬಿಡು."

"ನಾ ಅಂದ್ರ ಯಂತ್ರ ಕೇಳೂದಿಲ್ರಿ! ಅದಕ್ಕ ಬಂದೀನಿ. ನಾಳೆ ನಿಮ್ಮ ಮೊಮ್ಮಕ್ಕಳು ಓದೂಕ ಇರ್ತಾವ, ಕುಡಿಯೂಕ ಏನೈತಿ?"

ಅವರು ಪೆನ್ನಿನ ಮುಚ್ಚಳ ಹಾಕಿದರು. ನಾನು ಚಹಾ ಕುಡಿಯದೆ ಎದ್ದೆ. ನಾಲ್ಕು ದಿನ ನಾಲ್ಕು ಸಲ ಹೋದೆ. ಒಮ್ಮೆ ಸ್ನಾನ ಮಾಡುತ್ತಿದ್ದರು, ಎರಡು ಸಲ ಮಲಗಿದ್ದರು, ಒಮ್ಮೆ ಇದ್ದೂ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಅವರೇ ಹೇಳಿ ಕಳಿಸಿದರು: ಬರೆಯುವುದಿಲ್ಲ, ಖುದ್ದು ಹೊಳೆಗೆ ಬಂದು ಕೊಳವೆ ಇಳಿಸುತ್ತೇನೆ. ಅಂಜುಮ್ ಕ್ಯಾಮೆರಾ ತಂದಳು. ಐದು ಗಂಟೆಗೆ ಅವಧಿ ಮುಗಿಯುತ್ತಿತ್ತು. ಗೌಡರು ಪಂಚೆ ಎತ್ತಿ ಕಟ್ಟಿ, ತಮ್ಮ ಓಣಿಯ ಒಬ್ಬ ಗಟ್ಟಿ ಆಳನ್ನು ಜೊತೆಗಿಟ್ಟುಕೊಂಡು ಮೇಲಿನ ಘಾಟಿನ ನೀರಿಗೆ ಇಳಿದರು. ಕ್ಯಾಮೆರಾ ನೋಡಿ, "ಹೋದ ಸಲ ಈ ಜಾಗ ಉಳಿದಿತ್ತು, ಈಗ ತೋರಸ್ತಾ ಇದ್ದೀನಿ," ಎಂದರು.

ಅಂಜುಮ್ ತಲೆ ಅಲ್ಲಾಡಿಸಿದಳು. "ಯಾಕ ಉಳಿದಿತ್ತು ಅಂತ ಹೇಳಬೇಕ್ರಿ."

"ಮೊದಲ ಕೊಳವಿ ಇಳೀಲಿ," ಎಂದರು.

ಕೊಳವೆ ಇಳಿಯಲಿಲ್ಲ. ಹೊಳೆಯ ತಳ ಹಿಡಿತಕ್ಕೆ ಬಗ್ಗುವಂಥದ್ದು, ಬಲಕ್ಕಲ್ಲ. ಅಂಗಾಲಿನಿಂದ ಕೆಸರು ಮುಟ್ಟಿ ಮೆತ್ತನೆಯ ಜಾಗ ಹುಡುಕಿ, ಕೊಳವೆಯನ್ನು ಎದೆಗೆ ಆನಿಸಿ ನಿಲ್ಲಬೇಕು. ಗೌಡರ ಆಳು ಬಡಿದಾಗಲೆಲ್ಲ ಕೊಳವೆ ಓರೆಯಾಯಿತು. ಎರಡು ಸಲ ಕೆಸರು ಕದಡಿ ಚೆಲ್ಲಿತು. ಮೂರನೆಯ ಸಲ ಗೌಡರೇ ಜಾರಿ ಸೊಂಟದವರೆಗೆ ಮುಳುಗಿದರು. ಗಂಟೆ ನಾಲ್ಕೂವರೆ. ದಂಡೆಯಲ್ಲಿ ಊರು ನಿಂತಿತ್ತು.

ನಾನೂ ಮಲ್ಲೇಶಿಯೂ ಗೆರೆಕಲ್ಲಿನ ಈಚೆ, ಮೊಳಕಾಲು ನೀರಿನಲ್ಲಿ ನಿಂತಿದ್ದೆವು.

"ಏನ್ ನೋಡ್ತೀ? ಬಾ, ಹಿಡಿ ಬಾ!" ಎಂದರು ಗೌಡರು.

"ನಾ ಇಲ್ಲೇ ನಿಂತೀನ್ರಿ."

"ಹಟ ಮಾಡೋ ಹೊತ್ತೇನ ಇದು?"

"ಹಟ ಅಲ್ರಿ. ಕಾಲು ಬರವಲ್ಲವು. ಯಾಕ ಬರವಲ್ಲವು ಅಂತ ನಿಮಗ ಗೊತ್ತೈತಿ. ಕ್ಯಾಮೆರಾಕ್ಕ ಹೇಳ್ರಿ, ಬರ್ತೀನಿ."

ಅತ್ತೆ ದಂಡೆಯ ಮೇಲಿಂದ ಕೂಗಿದಳು. "ಹೇಳೋ ನಿಂಗಪ್ಪಾ! ನಿನ್ನ ಸಣ್ಣಂದಿನ ಅರಿಬಿ ಒಗದಾಕಿ ನಾನು. ನನ್ನ ಮುಂದೇನ ನಾಚಿಗಿ?"

ಯಾರೋ ನಕ್ಕರು. ಗೌಡರು ನಗಲಿಲ್ಲ. ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡಿತ್ತು. ಓರೆಯಾದ ಕೊಳವೆಯನ್ನು ಎರಡೂ ಕೈಯಲ್ಲಿ ತಬ್ಬಿ ನಿಂತು ಕಲ್ಲನ್ನು ನೋಡಿದರು, ಆಮೇಲೆ ಕ್ಯಾಮೆರಾವನ್ನು.

"ಇವರನ್ನ ಈ ಕಲ್ಲು ದಾಟಗೊಡ್ತಿರಲಿಲ್ಲ," ಎಂದರು. ದನಿ ಬಹಳ ಸಣ್ಣದಾಗಿತ್ತು.

"ಕೇಳವಲ್ದ್ರಿ," ಎಂದಳು ಅಂಜುಮ್.

"ನಾವು ಇವರನ್ನ ಈ ಕಲ್ಲು ದಾಟಗೊಡ್ತಿರಲಿಲ್ಲ! ಇವರು ಚೌಳು ನೀರಿನ ಬಾಜೂಕ ಒರತಿ ತೋಡಿ ಕುಡೀತಿದ್ರು. ನಾ ನೋಡೀನಿ. ಅದಕ್ಕ ಆಕಿ ಹೋದ ಸಲ ಇಲ್ಲಿ ಬರಲಿಲ್ಲ. ಸಾಕಾ?"

ಕಲ್ಲು ದಾಟಿದೆ. ಮಲ್ಲೇಶಿ ನನ್ನ ಹಿಂದೆ ಬಂದ. ಮೇಲಿನ ನೀರೂ ಕೆಳಗಿನಷ್ಟೇ ತಣ್ಣಗಿತ್ತು, ಕೆಸರೂ ಅದೇ ಕೆಸರು. ಇಷ್ಟಕ್ಕೇ ಅವ್ವ ನನ್ನ ಜಡೆ ಕಿತ್ತದ್ದು! ಏನೋ ಆಗುತ್ತದೆ ಎಂದುಕೊಂಡಿದ್ದೆ, ಸಿಟ್ಟು ಮಾತ್ರ ಆಯಿತು. ಕೊಳವೆ ಎದೆಗೆ ಆನಿಸಿ ಹಿಡಿದೆ. ಮಲ್ಲೇಶಿ ಬಡಿದ. ಹನ್ನೆರಡು ಅಡಿ ಇಳಿಯಿತು. ನಾಲ್ಕು ಐವತ್ತಕ್ಕೆ ಹೂಳು ದಂಡೆಯ ಮೇಲಿತ್ತು. ಜರಡಿಯ ತಟ್ಟೆಯಲ್ಲಿ ಒಂಬತ್ತು ಚೂರು. ನಾನೇ ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡೆ.

ಹದಿನೈದು ದಿನಕ್ಕೆ ಮೇಲಿನ ಘಾಟಿಗೂ 'ಕುಡಿಯುವ ನೀರು' ಎಂದು ಬಂತು. ಕಾರ್ಖಾನೆಯ ಅರ್ಜಿ ವಾಪಸು ಹೋಯಿತು. ಕೇಂದ್ರದ ಆಳು ಬೋರ್ಡು ಬದಲಿಸಲು ಬಂದ. ಅವನ ಕೈಯಲ್ಲಿ ಎರಡು ಬೋರ್ಡುಗಳಿದ್ದವು.

"ಎರಡ್ಯಾಕೋ?"

"ಎರಡು ಭಾಗ ಅಂತಕ್ಕಾ. ಗೆರಿಕಲ್ಲಿನ ಮ್ಯಾಲ ಒಂದು, ಕೆಳಗ ಒಂದು. ಬೇರೆ ಬೇರೆ ಕಡತ."

ಎರಡರ ಮೇಲೂ ಒಂದೇ ಮಾತು ಬರೆದಿತ್ತು. ಕಲ್ಲಿನ ಆ ಕಡೆ ಒಂದು, ಈ ಕಡೆ ಒಂದು ನೆಟ್ಟು ಹೋದ. ಅವನು ಬಸ್ಸು ಹತ್ತುವವರೆಗೆ ತಡೆದುಕೊಂಡೆ. ಆಮೇಲೆ ಹೋಗಿ ಒಂದನ್ನು ಕಿತ್ತು ತಂದೆ. ಯಾವ ಕಡೆಯದು ಎಂದು ನೋಡಲಿಲ್ಲ. ಒಳ್ಳೆ ದಪ್ಪ ತಗಡು. ಅತ್ತೆಯ ನೀರಿನ ಹರವಿಗೆ ಮುಚ್ಚಳವಾಗಿದೆ.